ಗುಡ್ಡದಂಚಿನ ಹೊಲಕ್ಕೆ ಕರಡಿ ಬಂದರೆ ಮೊದಲು ಏನು ಮಾಡಬೇಕು?

ಪ್ರಶ್ನೆ: ಚಿತ್ರದುರ್ಗ ತಾಲ್ಲೂಕಿನಲ್ಲಿ ಜೋಗಿಮಟ್ಟಿ ಕಾಡಿನ ಅಂಚಿಗೆ ನಮ್ಮ 6 ಎಕರೆ ಜಮೀನಿದೆ. 2 ಎಕರೆ ಶೇಂಗಾ, 2 ಎಕರೆ ಮೆಕ್ಕೆಜೋಳ, ಉಳಿದದ್ದರಲ್ಲಿ ಸಪೋಟ, ಪಪ್ಪಾಯ, ಒಂದಿಷ್ಟು ಜೇನುಪೆಟ್ಟಿಗೆ. ಒಂದು ಬೋರ್‌ವೆಲ್, ಒಂದು ಕೃಷಿ ಹೊಂಡ ಇವೆ. ಹೋದ ವರ್ಷದಿಂದ ಕರಡಿ ಬರುತ್ತಿದೆ, ಈ ಸಲ ಮರಿಗಳನ್ನೂ ಕಟ್ಟಿಕೊಂಡು ಬಂದಿದೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಕತ್ತಲಲ್ಲೇ ಮೋಟರ್ ಹಾಕಲು ಹೋಗಬೇಕು. ಕೂಲಿಯವರು ಬರಲು ಹೆದರುತ್ತಾರೆ. ತಂತಿ ಬೇಲಿಗೆ ಕರೆಂಟು ಕೊಡಬಹುದೇ? ಅರಣ್ಯ ಇಲಾಖೆಯವರು ಹಿಡಿದು ದೂರ ಬಿಟ್ಟುಬರಬಹುದೇ? ಬೆಳೆಯೂ ಉಳಿಯಬೇಕು, ಜನರೂ ಉಳಿಯಬೇಕು. ದಾರಿ ತಿಳಿಸಿ.

ಉತ್ತರ: ನೀವು ಕೇಳಿರುವುದು ಬೇಲಿ ಮತ್ತು ಬೋನಿನ ಬಗ್ಗೆ. ಆದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಅಪಾಯದ ಮಾತು ರಾತ್ರಿ ಮೋಟರ್ ಹಾಕಲು ಒಬ್ಬರೇ ಹೋಗುವುದು. ಅದನ್ನು ಈ ವಾರವೇ ಸರಿಪಡಿಸಿ. ಬೇಲಿ ಒಂದು ತಿಂಗಳು ತಡವಾದರೂ ಬೆಳೆಯಷ್ಟೇ ಹೋದೀತು.

ಕರಡಿ ಮನುಷ್ಯನನ್ನು ಬೇಟೆಯಾಡಲು ಬರುವ ಪ್ರಾಣಿಯಲ್ಲ. ಗೆದ್ದಲು, ಇರುವೆ, ಹಣ್ಣು, ಜೇನು ಅದರ ಮೂಲ ಆಹಾರ. ಅದು ಜನರ ಮೇಲೆ ಬೀಳುವ ಪ್ರಸಂಗಗಳಲ್ಲಿ ಬಹುಪಾಲಿಗೆ ಕಾರಣ ಒಂದೇ: ಕೆಲವೇ ಮಾರು ದೂರದಲ್ಲಿ ಇಬ್ಬರೂ ಒಮ್ಮೆಲೇ ಎದುರಾಗುವುದು. ಹುಲಿ, ಚಿರತೆಗಳಿರುವ ಕಾಡಿನಲ್ಲಿ ಬಾಳಿ ಬಂದ ಈ ಪ್ರಾಣಿ ಗಾಬರಿಯಾದಾಗ ಓಡುವುದಕ್ಕಿಂತ ಮೇಲೆ ಬೀಳುವುದೇ ಹೆಚ್ಚು. ದೃಷ್ಟಿ ಮಂದ, ಮೂಗು ಮಾತ್ರ ಬಹಳ ಚುರುಕು. ಗಾಳಿ ನಿಮ್ಮ ಕಡೆಯಿಂದ ಅದರತ್ತ ಬೀಸುತ್ತಿದ್ದರೆ ಬಹು ದೂರದಿಂದಲೇ ತಿಳಿದು ಸರಿದುಹೋಗುತ್ತದೆ. ಗಾಳಿ ಎದುರು ದಿಕ್ಕಿನದಾದರೆ ನೀವು ಕಾಲ ಬುಡಕ್ಕೆ ಬರುವವರೆಗೂ ಅದಕ್ಕೆ ಗೊತ್ತಾಗದೇ ಇರಬಹುದು.

ಬದುವಿನ ಹುತ್ತದ ಹತ್ತಿರವಂತೂ ಇದು ಇನ್ನೂ ಹೆಚ್ಚು. ಕರಡಿ ಉಗುರಿನಿಂದ ಹುತ್ತ ಬಗೆದು, ಮೂತಿಯನ್ನು ತೂತಿಗೆ ತುರುಕಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಮೊದಲು ಮಣ್ಣು ಊದಿ ಆಮೇಲೆ ಗೆದ್ದಲನ್ನು ಜೋರಾಗಿ ಹೀರುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇಲ್ಲದಿರುವುದು ಈ ಹೀರುವಿಕೆಗೇ. ಆ ಸದ್ದು ರಾತ್ರಿ ನೂರು ಮೀಟರಿಗೂ ಆಚೆ ಕೇಳಿಸುತ್ತದೆ. ತಲೆ ಗುಂಡಿಯೊಳಗೆ, ಕಿವಿ ತುಂಬ ತನ್ನದೇ ಸದ್ದು. ನಿಮ್ಮ ಹೆಜ್ಜೆ ಅದಕ್ಕೆ ಕೇಳಿಸುವುದಿಲ್ಲ. ಕತ್ತಲಲ್ಲಿ ಊದುವ, ಸುರ್ರೆಂದು ಎಳೆಯುವ ಸದ್ದು ಕೇಳಿದರೆ ಮುಂದೆ ಹೆಜ್ಜೆ ಇಡಬೇಡಿ, ಬಂದ ದಾರಿಯಲ್ಲೇ ಹಿಂದಿರುಗಿ.

ರಾತ್ರಿ ನೀರು

ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿ. ಸಿಮ್ ಇರುವ ಈ ಪೆಟ್ಟಿಗೆ ಮನೆಯಿಂದಲೇ ಕರೆ ಮಾಡಿ ಮೋಟರ್ ಚಾಲು, ಬಂದ್ ಮಾಡಲು ಅನುಕೂಲ. ಕೊಳ್ಳುವಾಗ ಎರಡು ಸಂಗತಿ ನೋಡಿ: ಒಂದು ಫೇಸ್ ಹೋದರೆ ತಾನೇ ನಿಲ್ಲಬೇಕು, ಬೋರ್‌ವೆಲ್‌ನಲ್ಲಿ ನೀರು ಇಳಿದರೆ ಒಣ ಓಟ ಆಗದಂತೆ ನಿಲ್ಲಬೇಕು. ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದಿದ್ದರೆ, ಕರೆಂಟು ಬಂದೊಡನೆ ಚಾಲೂ ಆಗಿ ನಿಗದಿತ ಗಂಟೆಗಳ ನಂತರ ನಿಲ್ಲುವ ಟೈಮರ್ ಇರುವ ಆಟೋ ಸ್ಟಾರ್ಟರ್ ಸಾಕು.

ಮೋಟರ್ ಮನೆಯಿಂದ ಆದರೂ ಗೇಟ್ ವಾಲ್ವ್ ತಿರುಗಿಸಲು, ಸ್ಪ್ರಿಂಕ್ಲರ್ ಪೈಪ್ ಎತ್ತಿ ಇಡಲು ರಾತ್ರಿ ಹೊಲಕ್ಕೆ ಹೋಗಲೇಬೇಕಾದರೆ ಸ್ಟಾರ್ಟರ್‌ನಿಂದ ಅರ್ಧ ಕೆಲಸ ಮಾತ್ರ ಆದಂತೆ. ನಿಮಗೆ ಕೃಷಿ ಹೊಂಡ ಇರುವುದು ದೊಡ್ಡ ಅನುಕೂಲ. ರಾತ್ರಿಯ ಕರೆಂಟಿನಲ್ಲಿ ಬೋರ್‌ವೆಲ್ ನೀರನ್ನು ಹೊಂಡಕ್ಕೆ ಮಾತ್ರ ಬಿಡಿ. ಹಗಲು ಸೋಲಾರ್ ಪಂಪಿನಲ್ಲೋ ಡೀಸೆಲ್ ಎಂಜಿನ್‌ನಲ್ಲೋ ಹೊಂಡದಿಂದ ಹೊಲಕ್ಕೆ ಹಾಯಿಸಿ. ವಾಲ್ವ್‌ಗಳನ್ನೆಲ್ಲ ಮನೆಯ ಕಡೆಯ ಒಂದೇ ಮೂಲೆಗೆ ತಂದು ಜೋಡಿಸಿಕೊಂಡರೆ ಡ್ರಿಪ್ ಇರುವ ತೋಟಕ್ಕೂ ಕತ್ತಲಲ್ಲಿ ಇಳಿಯುವ ಅಗತ್ಯವಿಲ್ಲ. ಜೀವದ ಲೆಕ್ಕದಲ್ಲಿ ಮೊದಲ ಸ್ಥಾನ ಇದಕ್ಕೇ.

ಹೋಗಲೇಬೇಕಾದ ರಾತ್ರಿ ಇಬ್ಬರು ಹೋಗಿ, ಸೇರಿಕೊಂಡೇ ನಡೆಯಿರಿ. ಪ್ರಖರ ಬ್ಯಾಟರಿ ಹಿಡಿದು ಕಾಲ ಮುಂದಷ್ಟೇ ಅಲ್ಲ, 30–40 ಮೀಟರ್ ಮುಂದಕ್ಕೂ ಬದುವಿನ ಎರಡೂ ಬದಿಗೂ ಬೆಳಕು ಹಾಯಿಸಿ. ಮಾತಾಡುತ್ತಾ ಹೋಗಿ. ತುದಿಗೆ ಕಬ್ಬಿಣದ ಬಳೆ, ಒಂದೆರಡು ಗೆಜ್ಜೆ ಕಟ್ಟಿದ 5–6 ಅಡಿ ಉದ್ದದ ಕೋಲನ್ನು ನೆಲಕ್ಕೆ ಕುಟ್ಟುತ್ತಾ ನಡೆದರೆ ಸದ್ದು ಮುಂದೆ ಸಾಗುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೋಗುವುದನ್ನು ಮನೆಯ ಹುಡುಗರಿಗೆ ಕಟ್ಟುನಿಟ್ಟಾಗಿ ನಿಲ್ಲಿಸಿ. ಮೋಟರ್ ಮನೆಯ ಬಾಗಿಲು ತೆಗೆಯುವ ಮುನ್ನ ತಗಡಿಗೆ ಎರಡು ಬಾರಿ ಬಡಿಯಿರಿ. ಬಾಗಿಲಿಲ್ಲದ ಮೋಟರ್ ಮನೆಗೆ ಬಾಗಿಲು ಹಾಕಿಸಿ.

ನಾಯಿಯನ್ನು ಬಿಟ್ಟುಕೊಂಡು ಹೋಗಬೇಡಿ. ನಾಯಿ ಮುಂದೆ ಓಡಿ ಕರಡಿಯನ್ನು ಕೆಣಕುತ್ತದೆ, ಅದು ಅಟ್ಟಿಸಿಕೊಂಡು ಬಂದಾಗ ರಕ್ಷಣೆಗೆಂದು ಒಡೆಯನ ಕಾಲ ಬಳಿಗೇ ಓಡಿ ಬರುತ್ತದೆ. ಮನೆಯ ಬಳಿ ಕಟ್ಟಿದ ನಾಯಿ ಬೊಗಳಿ ಎಚ್ಚರಿಸುವುದು ಬೇರೆ, ಅದು ಒಳ್ಳೆಯದೇ. ನಸುಕಿನಲ್ಲಿ ಬಯಲಿಗೆ ಹೋಗುವ ರೂಢಿ ಇನ್ನೂ ಉಳಿದಿದ್ದರೆ, ಕರಡಿ ಓಡಾಡುವ ಊರಿನಲ್ಲಿ ಅದೊಂದು ದೊಡ್ಡ ಅಪಾಯ. ಕೂಲಿಯವರ ಮನೆಗೂ ಶೌಚಾಲಯ ಆಗುವಂತೆ ನೋಡಿಕೊಳ್ಳಿ. ಬೆಳಗಿನ ಕೆಲಸವನ್ನು ಬಿಸಿಲು ಏರಿದ ಮೇಲೆ ಶುರು ಮಾಡಿ, ಸಂಜೆ ಕತ್ತಲಾಗುವ ಮುನ್ನ ಮುಗಿಸಿದರೆ ಕೂಲಿಯವರ ಹೆದರಿಕೆಯೂ ಕಡಿಮೆಯಾಗುತ್ತದೆ.

ಎದುರಾದರೆ

ದೂರದಲ್ಲಿ ಕಂಡು, ಅದು ನಿಮ್ಮನ್ನು ನೋಡಿಲ್ಲವಾದರೆ ಸದ್ದಿಲ್ಲದೆ ಹಿಂದೆ ಸರಿಯಿರಿ. ನೋಡಿದ್ದರೆ ನಿಂತಲ್ಲೇ ನಿಂತು, ತಗ್ಗಿದ ದನಿಯಲ್ಲಿ ಮಾತಾಡುತ್ತಾ, ಬೆನ್ನು ತೋರಿಸದೆ ಒಂದೊಂದೇ ಹೆಜ್ಜೆ ಹಿಂದಿಡಿ. ಹಿಂಗಾಲ ಮೇಲೆ ಎದ್ದು ನಿಂತರೆ ಅದು ವಾಸನೆ ಹಿಡಿಯಲು, ನೋಡಲು. ದಾಳಿಯ ಸೂಚನೆಯೇ ಆಗಬೇಕೆಂದಿಲ್ಲ. ಆಗ ಕಲ್ಲು ಬೀಸುವುದು ಕೆಟ್ಟದ್ದನ್ನು ಕೈಬೀಸಿ ಕರೆದಂತೆ.

ಓಡಬೇಡಿ, ಓಟದಲ್ಲಿ ಅದು ಮನುಷ್ಯನಿಗಿಂತ ವೇಗ. ಮರ ಹತ್ತುವುದೂ ಆಸರೆಯಲ್ಲ, ಜೇನಿಗಾಗಿ, ಹಣ್ಣಿಗಾಗಿ ಮರ ಏರುವುದು ಅದಕ್ಕೆ ನಿತ್ಯದ ಕೆಲಸ. ಎಷ್ಟೋ ಬಾರಿ ಅದು ಮೇಲೆ ಬಂದಂತೆ ಮಾಡಿ ಅರ್ಧದಲ್ಲೇ ನಿಂತು ತಿರುಗುತ್ತದೆ. ನಿಲ್ಲದೆ ಮೈಮೇಲೆ ಬಂದೇ ಬಿಟ್ಟಿತು ಎಂದಾಗ ಬೋರಲಾಗಿ ಮಲಗಿ: ಮುಖ ನೆಲಕ್ಕೆ, ಎರಡೂ ಕೈಬೆರಳು ಕತ್ತಿನ ಹಿಂದೆ ಹೆಣೆದು, ಮೊಣಕೈಗಳಿಂದ ಕೆನ್ನೆ ಮುಚ್ಚಿ, ಮಗುಚಿ ಹಾಕಲಾಗದಂತೆ ಕಾಲುಗಳನ್ನು ತುಸು ಅಗಲಿಸಿ. ಕರಡಿ ಮೊದಲು ಹಿಡಿಯುವುದು ತಲೆ, ಮುಖ. ಅದನ್ನು ಉಳಿಸಿಕೊಳ್ಳುವುದೇ ಗುರಿ. ಅಲುಗಾಡದೆ ಇದ್ದರೆ ಸಾಮಾನ್ಯವಾಗಿ ಬಿಟ್ಟು ಹೋಗುತ್ತದೆ. ಅದು ದೂರ ಹೋದದ್ದು ಖಾತ್ರಿಯಾಗುವ ತನಕ ಏಳಬೇಡಿ, ಅಲುಗಾಟ ಕಂಡು ಮರಳಿ ಬರುವುದುಂಟು.

ಗಾಯವಾದವರನ್ನು ಮುಂದಕ್ಕೆ ಬಾಗಿಸಿ ಕೂರಿಸಿ. ಮುಖದ ಗಾಯದ ರಕ್ತ ಗಂಟಲಿಗೆ ಇಳಿಯಬಾರದು. ತಲೆಯ ಚರ್ಮದಿಂದ ರಕ್ತ ಧಾರೆಯಾಗಿ ಹರಿಯುತ್ತದೆ, ಹೆದರದೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕಿತ್ತು ಜೋತ ಚರ್ಮವನ್ನು ಕತ್ತರಿಸಬೇಡಿ, ಅದರ ಜಾಗದಲ್ಲೇ ಕೂರಿಸಿ ಒದ್ದೆ ಬಟ್ಟೆ ಹೊದಿಸಿ. ರಕ್ತ ಹತೋಟಿಗೆ ಬಂದ ಗಾಯಗಳನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಅರಿಶಿನ, ಸುಣ್ಣ, ಸೊಪ್ಪಿನ ರಸ ಬೇಡ. 108ಕ್ಕೆ ಕರೆ ಮಾಡಿ ಜಿಲ್ಲಾ ಆಸ್ಪತ್ರೆಗೇ ಒಯ್ಯಿರಿ. ಕಾಡುಪ್ರಾಣಿಯ ಕಡಿತವನ್ನು ರೇಬೀಸ್ ಲೆಕ್ಕದಲ್ಲಿ ಅತಿ ಗಂಭೀರ ದರ್ಜೆ ಎಂದೇ ಹಿಡಿಯಬೇಕು: ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ರೇಬೀಸ್ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದು ಬೇಕು, ಅದು ಹೊಲಿಗೆ ಹಾಕುವ ಮುನ್ನ ಆಗಬೇಕು. ಲಸಿಕೆಯನ್ನು ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಕೊಡುತ್ತಾರೆ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೇ ದಿನದ್ದೂ ಸೇರುತ್ತದೆ. ಧನುರ್ವಾಯುವಿನ ಚುಚ್ಚುಮದ್ದೂ ಬೇಕು. ಗಾಯ ಮಾಗಿತೆಂದು ಕೊನೆಯ ಡೋಸ್ ತಪ್ಪಿಸುವವರು ಬಹಳ ಮಂದಿ. ತಪ್ಪಿಸಬೇಡಿ.

ಕರಡಿ ನಿಮ್ಮ ಹೊಲಕ್ಕೇ ಯಾಕೆ ಬರುತ್ತದೆ

ದರೋಜಿ, ಗುಡೇಕೋಟೆಯಿಂದ ಮೊಳಕಾಲ್ಮುರು, ಜಗಳೂರು, ಚಿತ್ರದುರ್ಗದವರೆಗೆ ಬಂಡೆಗುಡ್ಡಗಳು ಚದುರಿಕೊಂಡಿವೆ. ಬಂಡೆಗಳ ನಡುವಿನ ಗವಿ, ಪೊಟರೆಗಳೇ ಕರಡಿಯ ಮನೆ. ದರೋಜಿ 1994ರಲ್ಲಿ, ಗುಡೇಕೋಟೆ 2013ರಲ್ಲಿ ಕರಡಿಗೆಂದೇ ಧಾಮಗಳಾದವು. ಜಗಳೂರಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಾಗಿ, ಜೋಗಿಮಟ್ಟಿ 2015ರಲ್ಲಿ ವನ್ಯಜೀವಿಧಾಮವಾಯಿತು. ಗುಡ್ಡಗಳ ನಡುವೆ ಇರುವುದೆಲ್ಲ ಹೊಲ. ಹಾಗಾಗಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋಗುವ ಕರಡಿ ಯಾರದಾದರೂ ಹೊಲ ತುಳಿದೇ ಹೋಗಬೇಕು. ದಾಟಿಹೋಗುವ ಕರಡಿ ಬೇರೆ, ರುಚಿ ಹತ್ತಿ ನಿಲ್ಲುವ ಕರಡಿ ಬೇರೆ. ಮೊದಲನೆಯದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಎರಡನೆಯದನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಯಾವುದೆಂದು ಹೆಜ್ಜೆ, ಲದ್ದಿ ನೋಡಿ ತಿಳಿಯಬಹುದು. ಹಿಂಗಾಲಿನ ಗುರುತು ಮನುಷ್ಯನ ಬರಿಗಾಲಿನ ಗುರುತನ್ನು ಹೋಲುತ್ತದೆ; ಮುಂಗಾಲಿನದರಲ್ಲಿ ಬೆರಳುಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದು, ಉಗುರಿನ ಗೀರು ಬೆರಳಿಗಿಂತ ಬಹಳ ಮುಂದೆ ಬೀಳುತ್ತದೆ. ಹೆಜ್ಜೆ ನೇರವಾಗಿ ಹೊಲ ದಾಟಿದ್ದು, ಲದ್ದಿಯಲ್ಲಿ ಕಾಡುಹಣ್ಣಿನ ಬೀಜ, ಗೆದ್ದಲಿನ ತಲೆಗಳಷ್ಟೇ ಇದ್ದರೆ ಅದು ದಾರಿಹೋಕ. ಶೇಂಗಾ ಸಿಪ್ಪೆ, ಜೋಳದ ಕಾಳು ಕಂಡರೆ, ಹೆಜ್ಜೆಗಳು ಒಂದೇ ಕಡೆ ಸುತ್ತಿದ್ದರೆ ಬೇಲಿಯ ಕೆಲಸ ಶುರು ಮಾಡಿ.

ವರ್ಷದ ಲೆಕ್ಕವೂ ಗೊತ್ತಿರಲಿ. ಬೇಸಿಗೆಯಲ್ಲಿ ಕವಳೆ, ಜಾನೆ, ಅತ್ತಿ, ಆಲದ ಹಣ್ಣು, ಮಳೆ ಶುರುವಾದರೆ ಗೆದ್ದಲು, ಮಳೆಗಾಲದ ಕೊನೆಗೆ ಸೀತಾಫಲ, ಚಳಿಗೆ ಬೋರೆ. ಮುಂಗಾರು ಶೇಂಗಾ ಬಲಿಯುವುದೂ ಮೆಕ್ಕೆಜೋಳ ಹಾಲುಗಾಳಾಗುವುದೂ ಸೀತಾಫಲದ ಸುಮಾರಿಗೇ. ಚಳಿಗಾಲದಲ್ಲಿ ಗವಿಯೊಳಗೆ ಮರಿ ಹಾಕುತ್ತದೆ, ಸಾಮಾನ್ಯವಾಗಿ ಒಂದೋ ಎರಡೋ. ಕೆಲವು ವಾರದ ಮೇಲೆ ಹೊರಬಂದ ತಾಯಿ ಮರಿಗಳನ್ನು ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ನಿಮ್ಮಲ್ಲಿ ಕಂಡಿರುವುದು ಇದೇ. ಮರಿ ಇರುವ ತಾಯಿಯ ಸಿಟ್ಟು ಒಂಟಿ ಕರಡಿಗಿಂತ ಬಹಳ ಬೇಗ ಏರುತ್ತದೆ. ಅದರ ಗವಿ ಇರಬಹುದಾದ ಬಂಡೆಗಳ ಕಡೆ ಸೌದೆಗೆ, ಜೇನಿಗೆ, ದನ ಮೇಯಿಸಲು ಯಾರೂ ಹೋಗದಂತೆ ಊರಲ್ಲಿ ಹೇಳಿಡಿ. ಒಂಟಿ ಮರಿ ಸಿಕ್ಕರೆ ಎತ್ತಿ ತರಬಾರದು, ತಾಯಿ ಹತ್ತಿರದಲ್ಲೇ ಇರುತ್ತದೆ.

ವಾಸನೆ ಕಡಿಮೆ ಮಾಡುವುದು ಬೇಲಿಗಿಂತ ಅಗ್ಗ. ಹೊಲದ ಗುಡಿಸಲಲ್ಲಿ ಬೆಲ್ಲ, ಶೇಂಗಾ ಹಿಂಡಿ, ಅಡುಗೆ ಎಣ್ಣೆ, ಹಣ್ಣು ಇಡಬೇಡಿ. ಊರಂಚಿನ ಗುಡಿಗೆ ನುಗ್ಗಿ ದೀಪದ ಎಣ್ಣೆ ಕುಡಿದು, ಕಾಯಿ ತಿಂದು ಹೋಗುವ ಕರಡಿಗಳು ನಮ್ಮ ಭಾಗದಲ್ಲಿ ಹೊಸದಲ್ಲ. ರಾತ್ರಿ ಎಣ್ಣೆ ಡಬ್ಬಿಯನ್ನೂ ನೈವೇದ್ಯವನ್ನೂ ಪೂಜಾರರ ಮನೆಗೆ ಒಯ್ಯುವ ರೂಢಿ ಮಾಡಿ, ಗುಡಿಗೂ ಅಂಗನವಾಡಿ ಅಡುಗೆಮನೆಗೂ ತಗಡಿನ ಬದಲು ಗಟ್ಟಿ ಬಾಗಿಲು ಹಾಕಿಸಿ. ಪಪ್ಪಾಯ, ಸಪೋಟದ ಉದುರುಹಣ್ಣನ್ನು ದಿನಾ ಸಂಜೆ ಆರಿಸಿ, ಎರಡಡಿ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿ. ಬದುವಿನ ಮೇಲೆ ಗುಡ್ಡೆ ಹಾಕಿದರೆ ಅದನ್ನು ಕರೆದು ಊಟಕ್ಕೆ ಕೂರಿಸಿದ ಹಾಗೆ.

ಕಿತ್ತ ಶೇಂಗಾ ಬಳ್ಳಿಯನ್ನು ಹೊಲದಲ್ಲೇ ಬಣವೆ ಹಾಕಿ ವಾರಗಟ್ಟಲೆ ಬಿಡುವುದು ಅತಿ ಹೆಚ್ಚು ತೊಂದರೆ ತರುವ ಪದ್ಧತಿ. ಕಿತ್ತಷ್ಟನ್ನೂ ಊರ ಹತ್ತಿರದ ಕಣಕ್ಕೆ ಸಾಗಿಸಿ, ಆಗದಿದ್ದರೆ ಯಂತ್ರ ತರಿಸಿ ಕಾಯಿ ಬಿಡಿಸುವ ದಿನ ನೋಡಿಕೊಂಡೇ ಕೀಳಿ. ಬಣವೆ ಕಾಯಲು ನೆಲದ ಮೇಲೆ ಚಾಪೆ ಹಾಸಿ ಮಲಗುವುದು ಬೇಡವೇ ಬೇಡ. 10 ಅಡಿ ಎತ್ತರದ ಅಟ್ಟಣೆ, ಅದರಲ್ಲಿ ಇಬ್ಬರು, ಒಂದು ದೀಪ, ಒಂದು ರೇಡಿಯೊ ಇರಲಿ. ಕರಡಿ ಅಟ್ಟಣೆ ಏರಬಲ್ಲದು ನಿಜ, ಆದರೆ ದೀಪ, ಸದ್ದು ಇರುವ ಕಡೆಗೆ ಅಕಸ್ಮಾತ್ತಾಗಿ ಬಂದು ಗಾಬರಿಬೀಳುವ ಪ್ರಸಂಗ ತಪ್ಪುತ್ತದೆ.

ಹೊಲದ ದಾರಿಯ ಎರಡೂ ಬದಿ ಬಳ್ಳಾರಿ ಜಾಲಿ, ಲಂಟಾನ ಹಬ್ಬಿದ್ದರೆ ದಾರಿಯಿಂದ 10–15 ಮೀಟರ್‌ನಷ್ಟು ಕಡಿದು ಬಯಲು ಮಾಡಿ. ಕೆರೆ ಅಂಗಳದ ಜಾಲಿ ಪೊದೆಯಲ್ಲಿ ಹಗಲೆಲ್ಲ ಮಲಗಿರುವ ಕರಡಿ ಎಷ್ಟೋ ಸಲ ಸೌದೆಗೆ ಹೋದವರ ಕಾಲಿಗೇ ಸಿಗುತ್ತದೆ. ಪೊದೆ ಕಡಿಯುವಾಗಲೂ ಮೊದಲು ದೂರದಿಂದ ಸದ್ದು ಮಾಡಿ, ಗುಡ್ಡದ ಕಡೆ ದಾರಿ ಬಿಟ್ಟು, ಊರ ಕಡೆಯಿಂದ ಕಡಿಯುತ್ತಾ ಹೋಗಿ.

ಬೇಲಿ

ಮನೆಯ ಅಥವಾ ಮೋಟರ್‌ನ ಕರೆಂಟನ್ನು ಬೇಲಿಗೆ ನೇರ ಕೊಡುವುದು ಖಂಡಿತ ಕೂಡದು. ನಿರಂತರವಾಗಿ ಹರಿಯುವ 230 ವೋಲ್ಟ್ ಹಿಡಿದವರನ್ನು ಬಿಡುವುದಿಲ್ಲ; ಸಾಯುವುದು ಕರಡಿಯೇ ಆಗಬೇಕೆಂದಿಲ್ಲ, ಪಕ್ಕದ ಹೊಲದವರೂ, ನಿಮ್ಮ ಮನೆಯ ಮಕ್ಕಳೂ ಆಗಬಹುದು. ಕರಡಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೇ ಅನುಸೂಚಿಯ ಪ್ರಾಣಿ. ಕೊಂದರೆ 3ರಿಂದ 7 ವರ್ಷ ಜೈಲು, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ.

ನಿಮಗೆ ಬೇಕಾದ್ದು ಸೋಲಾರ್ ಬೇಲಿ, ಹಳ್ಳಿಗಳಲ್ಲಿ ಐಬೆಕ್ಸ್ ಬೇಲಿ ಎನ್ನುವುದು. ಅದರ ಎನರ್ಜೈಸರ್, ಅಂದರೆ ತಂತಿಗೆ ಹೊಡೆತ ಕಳಿಸುವ ಯಂತ್ರ, ಸೆಕೆಂಡಿಗೊಮ್ಮೆಯಂತೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನ ಹೊಡೆತ ಕೊಡುತ್ತದೆ. ವೋಲ್ಟೇಜ್ ಹೆಚ್ಚು, ಕಾಲ ಅತಿ ಕಡಿಮೆ, ನೋಯಿಸುತ್ತದೆ, ಕೊಲ್ಲುವುದಿಲ್ಲ. 6 ಎಕರೆಗೂ ಹಾಕಬೇಕಾಗಿಲ್ಲ. 2 ಎಕರೆ ಶೇಂಗಾಕ್ಕೆ ಸುತ್ತಳತೆ ಚೌಕವಾಗಿದ್ದರೆ ಸುಮಾರು 360 ಮೀಟರ್. ಅದಕ್ಕೂ ಜೇನುಪೆಟ್ಟಿಗೆಗಳ ಸುತ್ತಲೂ ಮೊದಲು ಹಾಕಿ. 1ರಿಂದ 2 ಜೌಲ್ ಹೊರಹಾಕುವ ಯಂತ್ರ ಇಷ್ಟಕ್ಕೆ ಸಾಕು. ಐಎಸ್‌ಐ ಗುರುತಿಲ್ಲದ, ಯಾರೋ ಗ್ಯಾರೇಜಿನಲ್ಲಿ ಜೋಡಿಸಿದ ಪೆಟ್ಟಿಗೆ ತರಬೇಡಿ.

ಐದು ಎಳೆ ತಂತಿ, ನೆಲದಿಂದ 20, 40, 60, 85, 115 ಸೆಂಟಿಮೀಟರ್ ಎತ್ತರಕ್ಕೆ. ನಮ್ಮ ಭಾಗದಲ್ಲಿ ಬೇಲಿ ಸೋಲುವುದು ಹೆಚ್ಚಾಗಿ ಅರ್ಥ್ ವಿಷಯದಲ್ಲೇ. ಹೊಡೆತ ತಾಗಬೇಕಾದರೆ ತಂತಿಯಿಂದ ಪ್ರಾಣಿಯ ಮೈಗೆ, ಮೈಯಿಂದ ನೆಲಕ್ಕೆ, ನೆಲದಿಂದ ಅರ್ಥ್ ಕಂಬಿಗೆ ಕರೆಂಟು ಹರಿಯಬೇಕು. ಒಣಗಿದ ಗರಸು ನೆಲದಲ್ಲಿ ಆ ಹರಿವು ಕಡಿದುಹೋಗುತ್ತದೆ. ಕರಡಿಯ ದಪ್ಪ ಕೂದಲು ಬೇರೆ ಅಡ್ಡ. ಆದ್ದರಿಂದ ಎಲ್ಲ ಎಳೆಗೂ ಕರೆಂಟು ಕೊಡಬೇಡಿ: 1, 3, 5ನೇ ಎಳೆ ಕರೆಂಟಿಗೆ, 2 ಮತ್ತು 4ನೇ ಎಳೆ ಅರ್ಥ್‌ಗೆ. ನಡುವೆ ತೂರಲು ನೋಡಿದ ಕರಡಿ ಎರಡನ್ನೂ ಒಟ್ಟಿಗೆ ಮುಟ್ಟುತ್ತದೆ, ನೆಲ ಎಷ್ಟೇ ಒಣಗಿರಲಿ ಹೊಡೆತ ಪೂರ್ತಿ ಬೀಳುತ್ತದೆ. 40–60 ಸೆಂಟಿಮೀಟರ್ ನಡುವೆ ಮೂತಿ ಬರುವುದರಿಂದ ಮೊದಲ ಪೆಟ್ಟು ಕೂದಲಿಲ್ಲದ ಮೂಗಿಗೆ. ಕೆಳಗಿನ ಎಳೆ ಕಾಡುಹಂದಿಗೂ ಆಯಿತು.

ಅರ್ಥ್‌ಗೆ 6 ಅಡಿಯ ಮೂರು ಜಿಐ ಕಂಬಿಗಳನ್ನು 10 ಅಡಿ ಅಂತರದಲ್ಲಿ, ಸಾಧ್ಯವಾದರೆ ಹೊಂಡದ ಪಕ್ಕದ ತಂಪು ನೆಲದಲ್ಲಿ ಬಡಿಯಿರಿ. ಸುತ್ತ ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕಿ. ಸರಿಯಾಗಿದೆಯೇ ಎಂದು ನೋಡುವ ಬಗೆ ಹೀಗೆ: ಯಂತ್ರ ಬಂದ್ ಮಾಡಿ, ಅದರಿಂದ 100 ಮೀಟರ್ ಆಚೆ ಒಂದೆರಡು ಕಬ್ಬಿಣದ ಸಲಾಕೆ ನೆಲಕ್ಕೆ ಚುಚ್ಚಿ ಕರೆಂಟಿನ ಎಳೆಗೆ ಒರಗಿಸಿ. ಯಂತ್ರ ಚಾಲು ಮಾಡಿದಾಗ ಬೇಲಿಯ ವೋಲ್ಟೇಜ್ 2,000ಕ್ಕಿಂತ ಕೆಳಗೆ ಇಳಿಯಬೇಕು, ಇಳಿಯದಿದ್ದರೆ ಇನ್ನೆರಡು ಸಲಾಕೆ ಸೇರಿಸಿ. ಆಗ ಕೊನೆಯ ಅರ್ಥ್ ಕಂಬಿಗೂ ದೂರದ ನೆಲಕ್ಕೂ ನಡುವೆ ಬೇಲಿಗೆಂದೇ ಬರುವ ವೋಲ್ಟ್ ಟೆಸ್ಟರ್ 300 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥ್ ಸಾಲದು, ಮತ್ತೊಂದು ಕಂಬಿ ಸೇರಿಸಿ.

ಮೂಲೆಗೆ ಕಲ್ಲುಕಂಬ, ಎರಡಡಿ ಆಳಕ್ಕೆ; ನಡುವೆ 4 ಮೀಟರಿಗೊಂದು ಕಂಬ, ತಗ್ಗುದಿಬ್ಬ ಇದ್ದಲ್ಲಿ ಹತ್ತಿರ ಹತ್ತಿರ. ತಂತಿ 2.5 ಮಿಲಿಮೀಟರಿನ ಜಿಐ. ಮುಳ್ಳುತಂತಿಗೆ ಎಂದೂ ಈ ಕರೆಂಟನ್ನೂ ಕೊಡಬಾರದು. ಸಿಕ್ಕಿಕೊಂಡ ಪ್ರಾಣಿ, ಮನುಷ್ಯ ಬಿಡಿಸಿಕೊಳ್ಳಲಾಗದೆ ಹೊಡೆತದ ಮೇಲೆ ಹೊಡೆತ ತಿನ್ನುತ್ತಾರೆ. ಗೇಟಿನ ಕೆಳಗೆ ಕರೆಂಟು ದಾಟಿಸಲು ಮನೆ ವೈರಿಂಗ್‌ನ ವೈರ್ ಹೂಳುವುದು ಎಲ್ಲರೂ ಮಾಡುವ ತಪ್ಪು. ಅದರ ಹೊದಿಕೆ ಈ ವೋಲ್ಟೇಜ್ ತಡೆಯದೆ ಮಣ್ಣಿಗೆ ಸೋರುತ್ತದೆ. ಬೇಲಿಗೆಂದೇ ಬರುವ ಎರಡು ಪದರದ ಕೇಬಲ್ ಕೊಳ್ಳಿ. ಜನ ಓಡಾಡುವ ಬದಿಯಲ್ಲಿ ಹಳದಿ ಎಚ್ಚರಿಕೆ ಫಲಕ ಕಟ್ಟಿ.

ಪ್ರತಿ ಸಂಜೆ ಬೇಲಿಯ ಕೊನೆಯ ತುದಿಯಲ್ಲಿ ಟೆಸ್ಟರ್ ಇಟ್ಟು ನೋಡಿ. 5,000 ವೋಲ್ಟ್‌ಗಿಂತ ಕಡಿಮೆ ಇದ್ದರೆ ಸೋರಿಕೆ ಹುಡುಕಿ: ಕೆಳ ಎಳೆಗೆ ತಾಗಿದ ಹುಲ್ಲು, ಬಿರುಕುಬಿಟ್ಟ ಇನ್ಸುಲೇಟರ್, ಸಡಿಲ ಗಂಟು, ಬೂಸು ಹಿಡಿದ ಬ್ಯಾಟರಿ ಟರ್ಮಿನಲ್, ಈ ಕ್ರಮದಲ್ಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೆಳ ಎಳೆಯಡಿ ಹುಲ್ಲು ಕೊಯ್ಯದಿದ್ದರೆ ಬೇಲಿ ಇದ್ದೂ ಇಲ್ಲದಂತೆ. ಶೇಂಗಾ ಬಿತ್ತಿದ 55–60 ದಿನಕ್ಕೆ, ಕಾಯಿ ಬಲಿಯುವ ಮುನ್ನವೇ ಬೇಲಿ ಚಾಲೂ ಇರಲಿ. ರುಚಿ ಕಂಡ ಮೇಲೆ ಹಾಕಿದ ಬೇಲಿಯನ್ನು ಕರಡಿ ಒಂದು ಪೆಟ್ಟು ತಿಂದಾದರೂ ನುಗ್ಗಿ ದಾಟುತ್ತದೆ. ಹಳೆ ಸೀರೆ, ಕೂದಲು, ಫಿನಾಯಿಲ್ ಇವುಗಳನ್ನು ನಂಬಬೇಡಿ. ಕಂದಕವೂ ಕರಡಿಗೆ ತಡೆಯಲ್ಲ, ಇಳಿದು ಹತ್ತುತ್ತದೆ. ಸೋಲಾರ್ ಬೇಲಿಗೆ ಸಹಾಯಧನ ಈ ವರ್ಷ ಲಭ್ಯವಿದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಸಾಮಾನು ಕೊಳ್ಳುವ ಮುನ್ನ.

ಹೊಂಡ, ಬಾವಿ, ಉರುಳು

ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡಕ್ಕೆ ನೀರು ಕುಡಿಯಲು ಇಳಿದ ಪ್ರಾಣಿಗೆ ಮೇಲೆ ಬರಲು ಹಿಡಿತ ಸಿಗುವುದಿಲ್ಲ. ಕರಡಿಯಾದರೆ ಮುಳುಗುವ ಮುನ್ನ ಉಗುರಿನಿಂದ ಹೊದಿಕೆಯನ್ನೂ ಸೀಳಿಹಾಕುತ್ತದೆ. ಸುತ್ತ ಬೇಲಿ ಹಾಕಿ. ಜೊತೆಗೆ ಎದುರುಬದುರು ಎರಡು ಮೂಲೆಯಲ್ಲಿ, ದಂಡೆಯ ಕಲ್ಲುಕಂಬಕ್ಕೆ ಬಿಗಿದು ತಳ ಮುಟ್ಟುವಂತೆ ದಪ್ಪ ಹಗ್ಗದ ಬಲೆ ಅಥವಾ ಒಂದಕ್ಕೊಂದು ಕಟ್ಟಿದ ಹಳೆ ಟೈರುಗಳನ್ನು ಇಳಿಬಿಡಿ. ಮಕ್ಕಳು ಬಿದ್ದರೂ ಅದೇ ಜೀವ ಉಳಿಸುತ್ತದೆ. ಕಟ್ಟೆಯಿಲ್ಲದ ಹಳೆ ಬಾವಿಗೆ 4 ಅಡಿ ಕಟ್ಟೆ ಕಟ್ಟಿಸಿ. ಬಾವಿಗೆ ಬಿದ್ದ ಕರಡಿಗೆ ಕಲ್ಲು ಹೊಡೆಯಬೇಡಿ. ಇಲಾಖೆಯವರು ಬಂದು ಏಣಿಯೋ ಒರಟು ಮರದ ದಿಮ್ಮಿಯೋ ಓರೆಯಾಗಿ ಇಳಿಸಿ, ಜನ ಪೂರ್ತಿ ದೂರ ಸರಿದರೆ, ಕತ್ತಲಲ್ಲಿ ತಾನೇ ಹತ್ತಿ ಹೋಗುತ್ತದೆ. ಕರಡಿಗೆಂದು ಹೊಲದಲ್ಲಿ ನೀರಿನ ತೊಟ್ಟಿ ಇಡುವುದು ಒಳ್ಳೆಯ ಮನಸ್ಸಿನ ಕೆಲಸವಾದರೂ ತಪ್ಪು ಜಾಗ. ಬೇಸಿಗೆಯಲ್ಲಿ ಕಾಡಿನೊಳಗಿನ ತೊಟ್ಟಿಗಳಿಗೆ ನೀರು ತುಂಬಿಸುವಂತೆ ಇಲಾಖೆಗೆ ಪಂಚಾಯಿತಿಯಿಂದ ಬರೆಸಿ.

ಅಕ್ಕಪಕ್ಕದ ಹೊಲದಲ್ಲಿ ಹಂದಿಗೆಂದು ಕ್ಲಚ್ ವೈರಿನ ಉರುಳು, ಸಿಡಿಮದ್ದು ಇಡುತ್ತಿದ್ದರೆ ಅದನ್ನು ನಿಲ್ಲಿಸಲು ಮಾತಾಡಲೇಬೇಕು. ಉರುಳಿಗೆ ಕಾಲು ಸಿಕ್ಕಿದ, ಮದ್ದು ಕಚ್ಚಿ ದವಡೆ ಒಡೆದ ಕರಡಿ ನೋವಿನಲ್ಲಿ ಕಂಡವರ ಮೇಲೆ ಬೀಳುತ್ತದೆ. ಆ ಪೆಟ್ಟು ಉರುಳಿಟ್ಟವರಿಗೆ ಬೀಳುವುದಿಲ್ಲ, ಬೆಳಿಗ್ಗೆ ಹಾಲು ತರಲು ಹೋದ ಹೆಂಗಸಿಗೋ ಕುರಿ ಹೊಡೆದುಕೊಂಡು ಹೊರಟ ಹುಡುಗನಿಗೋ ಬೀಳುತ್ತದೆ. ಚಿರತೆಯ ಭಯ ಇರುವ ಕಡೆ ಆಡು, ಕರುಗಳನ್ನು ಮೇಲ್ಛಾವಣಿ ಇರುವ, ಬಾಗಿಲು ಭದ್ರವಾದ ಕೊಟ್ಟಿಗೆಯಲ್ಲಿ ಕಟ್ಟಿದರೆ ಸಾಕು. ಅದರ ವಿವರ ಇನ್ನೊಂದು ಉತ್ತರಕ್ಕೆ ಬೇಕಾಗುವಷ್ಟಿದೆ.

ಹಿಡಿದು ದೂರ ಬಿಡುವುದರ ಬಗ್ಗೆ

ಇದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಪದೇ ಪದೇ ಜನರ ಮೇಲೆ ಬೀಳುವ ಕರಡಿಯ ವಿಷಯದಲ್ಲಿ ಇಲಾಖೆ ಬೋನು ಇಡುತ್ತದೆ. ಬೆಳೆ ತಿನ್ನುವ ಕರಡಿಗೆ ಅದು ಪರಿಹಾರವಲ್ಲ. ಬಿಟ್ಟ ಜಾಗದಲ್ಲಿ ಆಗಲೇ ಬೇರೆ ಕರಡಿಗಳಿರುತ್ತವೆ, ಗುರುತಿಲ್ಲದ ನೆಲದಲ್ಲಿ ಅಲೆಯುವ ಪ್ರಾಣಿ ಅಲ್ಲಿನ ಊರುಗಳಿಗೆ ನುಗ್ಗುತ್ತದೆ, ಇಲ್ಲವೇ ಮರಳಿ ಬರುತ್ತದೆ. ನಿಮ್ಮ ಗುಡ್ಡದಲ್ಲಿ ಖಾಲಿಯಾದ ಗವಿಗೆ ಇನ್ನೊಂದು ಬರುತ್ತದೆ. ಬಣವೆ, ಉದುರುಹಣ್ಣು ಹಾಗೆಯೇ ಇದ್ದರೆ ಅದಕ್ಕೂ ಅದೇ ರುಚಿ. ಮರಿಗಳಿರುವ ತಾಯಿಯನ್ನು ಬೋನಿಗೆ ಹಾಕಿದರೆ ಮರಿ ಹೊರಗೆ ಉಳಿಯುವ ಅಪಾಯವೂ ಇದೆ.

ಹಗಲಲ್ಲಿ ಊರೊಳಗೆ ಬಂದು ಸಿಕ್ಕಿಕೊಂಡರೆ ಮಾತ್ರ ಕೂಡಲೇ ಅರಣ್ಯ ಇಲಾಖೆಯ 1926 ಅಥವಾ 112ಕ್ಕೆ ಕರೆ ಮಾಡಿ. ಒಂದೇ ದಿನ ಹಲವರಿಗೆ ಗಾಯವಾಗುವುದು ಹೆಚ್ಚಾಗಿ ಗುಂಪು ಸುತ್ತುವರಿದಾಗಲೇ. ಮೊಬೈಲ್ ಹಿಡಿದು ಬೆನ್ನಟ್ಟುವ ಹುಡುಗರನ್ನು ತಡೆಯುವ ಕೆಲಸ ಊರಿನ ಹಿರಿಯರದು. ಮಕ್ಕಳನ್ನು ಒಳಗೆ ಹಾಕಿ, ಶಾಲೆಗೆ ಹೇಳಿಕಳಿಸಿ, ನಾಯಿಗಳನ್ನು ಕಟ್ಟಿಸಿ, ಗುಡ್ಡದ ಕಡೆಯ ಒಂದು ದಾರಿ ಪೂರ್ತಿ ತೆರವು ಮಾಡಿ. ಅರಿವಳಿಕೆ ಚುಚ್ಚುಮದ್ದು ಕೂಡಲೇ ಕೆಲಸ ಮಾಡುವುದಿಲ್ಲ, ಗುರಿ ತಾಗಿದ ಮೇಲೂ ಕರಡಿ ಹಲವು ನಿಮಿಷ ಓಡಾಡಬಲ್ಲದು. ಹೊಡೆದಾಯಿತಲ್ಲ ಎಂದು ಜನ ಮುಂದೆ ನುಗ್ಗುವುದೂ ಆಗಲೇ, ಪೆಟ್ಟು ತಿನ್ನುವುದೂ ಆಗಲೇ.

ಬೆಳೆ ಹಾನಿಗೆ, ಗಾಯಕ್ಕೆ ಇಲಾಖೆಯ ಪರಿಹಾರ ಇದೆ. ಹಾನಿಯಾದ ಬೆಳಿಗ್ಗೆಯೇ, ಉಳುವ ಅಥವಾ ಸ್ವಚ್ಛ ಮಾಡುವ ಮುನ್ನ, ಹೆಜ್ಜೆ ಗುರುತಿನ ಪಕ್ಕ ಒಂದು ಬೆಂಕಿಪೊಟ್ಟಣ ಇಟ್ಟು ಫೋಟೊ ತೆಗೆಯಿರಿ. ಹಾನಿಯಾದ ಸಾಲುಗಳ ಫೋಟೊವೂ ಇರಲಿ. ಗಸ್ತು ಅರಣ್ಯ ಪಾಲಕರಿಗೆ ಕರೆ ಮಾಡಿ ಸ್ಥಳ ಮಹಜರು ಮಾಡಿಸಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೊತೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಲ್ಲಿದ್ದು ಸಾಗುವಳಿ ನಿಮ್ಮದಾಗಿದ್ದರೆ ಅರ್ಜಿ ನಿಲ್ಲುವುದು ಅಲ್ಲಿಯೇ. ಪೌತಿ ಖಾತೆ ಬದಲಾವಣೆಯನ್ನು ಬೆಳೆ ಬರುವ ಮುನ್ನ ಮಾಡಿಸಿಕೊಳ್ಳಿ. ಗಾಯದ ಪ್ರಕರಣದಲ್ಲಿ ಆಸ್ಪತ್ರೆಯ ದಾಖಲಾತಿ ಚೀಟಿ, ಬಿಲ್ಲು, ವೈದ್ಯರ ಪ್ರಮಾಣಪತ್ರ ಒಂದೂ ಬಿಡದೆ ಇಟ್ಟುಕೊಳ್ಳಿ, ಮತ್ತು ಆಸ್ಪತ್ರೆಗೆ ಸೇರಿಸುವಾಗಲೇ ಕರಡಿ ಕಡಿತ ಎಂದು ದಾಖಲೆಯಲ್ಲಿ ಬರೆಸಿ.